ಶೀಟಿನ ಆ ತುದಿ

ಬೆಡ್‌ಶೀಟಿನ ಒಂದು ತುದಿ ಸೂಪರ್‌ವೈಸರ್ ಕೈಯಲ್ಲಿತ್ತು, ಇನ್ನೊಂದು ತುದಿ ಗುಬ್ಬಿಯ ಮುಷ್ಟಿಯಲ್ಲಿ. ಆಸ್ಪತ್ರೆಯ ಲಾಂಡ್ರಿಯ ಬೆಳಗಿನ ಪಾಳಿಯ ಹೆಂಗಸರೆಲ್ಲ ಕೆಲಸ ಮಾಡುವಂತೆ ನಟಿಸುತ್ತ ಅದನ್ನೇ ನೋಡುತ್ತಿದ್ದರು. ಹತ್ತು ಹೆಜ್ಜೆ ಆಚೆ, ಇಸ್ತ್ರಿ ರೋಲರಿನ ಹಿಂದಿದ್ದ ಗುಬ್ಬಿಯ ತಾಯಿ ಮಾತ್ರ ನಟಿಸುತ್ತಿರಲಿಲ್ಲ. ಒದ್ದೆ ಶೀಟುಗಳನ್ನು ಒಂದರ ಹಿಂದೊಂದು ಯಂತ್ರದ ಬಾಯಿಗೆ ಕೊಡುತ್ತಲೇ ಇದ್ದಳು.

ಗುಬ್ಬಿ ಎನ್ನುವುದು ತೊಟ್ಟಿಲಲ್ಲಿದ್ದಾಗ ಅಂಟಿಕೊಂಡ ಹೆಸರು. ಈಗ ವಯಸ್ಸು ಹತ್ತೊಂಬತ್ತು, ತೂಕ ಅಮ್ಮನಿಗಿಂತ ಹೆಚ್ಚು. ಮಾತಿಲ್ಲ, ಉಣ್ಣಿಸಬೇಕು, ತೊಳೆಯಬೇಕು. ಏನನ್ನಾದರೂ ಹಿಡಿದರೆ ಹಿಡಿದಳೇ. ವಿಶೇಷ ಶಾಲೆಯವರು ಹನ್ನೆರಡು ವರ್ಷ ಆ ಹಿಡಿತದ ಮೇಲೇ ದೂರು ಬರೆದು ಕಳಿಸಿದ್ದರು: ಇವತ್ತು ಪರದೆ, ಇವತ್ತು ಟೀಚರ್ ಜಡೆ, ಇವತ್ತು ವ್ಯಾನಿನ ಬಾಗಿಲು. ಕೊನೆಗೆ ವಯಸ್ಸು ಮೀರಿತೆಂದು ಅವಳನ್ನೇ ಕಳಿಸಿದರು. ಮುಂದೇನು ಎಂದು ತಾಯಿ ಕೇಳಿದ್ದಕ್ಕೆ, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ ಎಂದರು. ಮನೆಯಲ್ಲಿ ಇರುವುದು ಇವರಿಬ್ಬರೇ. ತಾಯಿಯ ರಜೆಯೆಲ್ಲ ತೀರಿತ್ತು. ಇವತ್ತು ಇದು ಆಗದಿದ್ದರೆ ನಾಳೆಯಿಂದ ಅವಳು ಒಂದೋ ಕೆಲಸ ಬಿಡಬೇಕು, ಇಲ್ಲವೇ ಮಗಳನ್ನು ಒಳಗೆ ಹಾಕಿ ಬೀಗ ಜಡಿಯಬೇಕು.

ಎರಡನ್ನೂ ಮಾಡುವವಳಲ್ಲ ಅವಳು. ಶೀಟು ಮಡಿಸಲು ಇಬ್ಬರು ಬೇಕು, ಅವರಲ್ಲೊಬ್ಬರು ಹಿಡಿದು ನಿಂತರೂ ಸಾಕು ಎಂದು ಹೊಳೆದದ್ದೇ ತಡ, ಶಾಲೆಯ ಕೊನೆಯ ನಾಲ್ಕು ತಿಂಗಳು ದಿನಾ ಸಂಜೆ ಮನೆಯಲ್ಲಿದ್ದ ಹೊದಿಕೆಗಳನ್ನೆಲ್ಲ ಬಿಚ್ಚಿ ಮಡಿಸಿ, ಬಿಚ್ಚಿ ಮಡಿಸಿ ಮಗಳ ಕೈ ಪಳಗಿಸಿದಳು. ಆಮೇಲೆ ಸೂಪರ್‌ವೈಸರ್ ಬೆನ್ನು ಹತ್ತಿದಳು. ಮೂರು ವಾರ ಆತ ಆಗಲ್ಲ ಎಂದ. ನಾಲ್ಕನೆಯ ವಾರ, ಕಾಟ ತಪ್ಪಿದರೆ ಸಾಕೆಂದು, ಒಂದು ಶೀಟು ನೋಡೋಣ ಎಂದ. ಷರತ್ತು ಒಂದೇ: ಎದುರಿಗೆ ತಾಯಿ ನಿಲ್ಲಕೂಡದು, ಹತ್ತಿರವೂ ಸುಳಿಯಕೂಡದು, ಸುಳಿದರೆ ಫೇಲು. ಅಮ್ಮನ ಜೊತೆ ಮಡಿಸಿದರೆ ಅದು ಆಟ, ಕೆಲಸವಲ್ಲ ಎಂಬುದು ಆತನ ವಾದ. ಮಡಿಸುವ ಮೇಜಿನ ದೊಡ್ಡಕ್ಕ, ಮುಂದಿನ ಎರಡು ಹಲ್ಲಿಲ್ಲದ ಹೆಂಗಸು, ಇದು ಲಾಂಡ್ರಿಯೋ ಶಿಶುವಿಹಾರವೋ ಎಂದು ಬೆಳಗಿನಿಂದ ಎರಡು ಸಲ ಕೇಳಿ ಆಗಿತ್ತು.

ಅರ್ಧ ಕೆಲಸ ಚೆನ್ನಾಗಿಯೇ ನಡೆಯಿತು. ಗುಬ್ಬಿ ಕಂಬದಂತೆ ನಿಂತಳು. ಸೂಪರ್‌ವೈಸರ್ ತನ್ನ ಎರಡು ಮೂಲೆಗಳನ್ನು ತಂದು ಅವಳ ಎರಡಕ್ಕೆ ಜೋಡಿಸಿದ. ಇನ್ನು ನಾಲ್ಕನ್ನೂ ತಾನೇ ತೆಗೆದುಕೊಂಡು ಮುಂದಿನ ಮಡಿಕೆ ಹಾಕಬೇಕು. ಗುಬ್ಬಿ ಬಿಡಲಿಲ್ಲ. ಬಿಡು ಎಂದ. ಮೆಲ್ಲಗೆ ಎಳೆದ. ಜೋರಾಗಿ ಎಳೆದ. ಅವಳೂ ಎಳೆದಳು, ಆತ ಎರಡು ಹೆಜ್ಜೆ ಮುಗ್ಗರಿಸಿದ.

"ಹಗ್ಗ ಜಗ್ಗಾಟದಲ್ಲಿ ನಮ್ಮ ಸಾರ್ ಸೋತ್ರು," ಎಂದಳು ದೊಡ್ಡಕ್ಕ.

ಗುಬ್ಬಿಯ ಗಂಟಲಲ್ಲಿ ನರಳಿಕೆ ಶುರುವಾಯಿತು.

"ಸಾಕಮ್ಮ, ಕರ್ಕೊಂಡು ಹೋಗು," ಎಂದ ಸೂಪರ್‌ವೈಸರ್. "ಹಿಡಿಯೋದು ಕಲಿಸಿದೀಯ. ಬಿಡೋದು ಯಾರು ಕಲಿಸ್ತಾರೆ?"

ತಾಯಿಯ ಕೈ ಮೊದಲ ಸಲ ನಿಂತಿತು. ನಾಲ್ಕು ತಿಂಗಳಲ್ಲಿ ಮಗಳು ಒಮ್ಮೆಯೂ ಹೀಗೆ ಮಾಡಿರಲಿಲ್ಲ. ಹಾಗಾದರೆ ಮನೆಯಲ್ಲಿ ಹೇಗೆ ಬಿಡುತ್ತಿದ್ದಳು? ಅವಳು ಎರಡೂ ಕೈ ಎತ್ತಿ, ಇಲ್ಲದ ಶೀಟನ್ನು ಹಿಡಿದು, ಇಲ್ಲದ ಮಗಳ ಕಡೆ ನಡೆದು ಬಗ್ಗಿದಳು. ಬಗ್ಗಿದ ಕೂಡಲೇ ತುಟಿ ತಾನಾಗಿ ಮುಂದೆ ಬಂತು. ಕೂಸು ಕೂದಲು ಹಿಡಿದು ಜಗ್ಗುತ್ತಿದ್ದ ಕಾಲದ ಅಭ್ಯಾಸ. ಈಗಲೂ ಹಾಗೆ ಮಾಡುತ್ತಿದ್ದೇನೆಂದು ಅವಳಿಗೇ ತಿಳಿದಿರಲಿಲ್ಲ. ತಿಳಿಯದ್ದನ್ನು ಯಾರಿಗೆ ಹೇಳುವುದು?

"ಸಾರ್, ಬೆರಳಿನ ಮೇಲೆ ಊದಿ."

"ಏನು?"

"ಊದಿ. ಬಿಡ್ತಾಳೆ."

"ನೀನೇ ಬಂದು ಊದು."

"ನಾನು ಬರಲ್ಲ ಸಾರ್. ಬಂದ್ರೆ ಫೇಲು ಅಂದೋರು ನೀವೇ."

ಸೂಪರ್‌ವೈಸರ್ ಶೀಟನ್ನು ಅಲ್ಲೇ ಬಿಟ್ಟು ಹೋಗಬಹುದಿತ್ತು. ಆದರೆ ನೆಲಕ್ಕೆ ತಾಗಿದ ಶೀಟನ್ನು ಬೀಳಿಸಿದವರೇ ಮತ್ತೆ ಒಗೆಯಬೇಕು. ಆ ನಿಯಮ ಬರೆದು ಗೋಡೆಗೆ ಅಂಟಿಸಿದವನು ಆತನೇ. ಆತ ಹೆಂಗಸರ ಕಡೆ ಕಣ್ಣಾಡಿಸಿದ. ತಲೆಗಳೆಲ್ಲ ತಟ್ಟನೆ ಕೆಲಸದ ಮೇಲೆ ಬಾಗಿದವು. ಆತ ಬಗ್ಗಿ, ಸುಟ್ಟ ಗಾಯಕ್ಕೆ ಊದುವ ಹಾಗೆ, ಗುಬ್ಬಿಯ ಮುಷ್ಟಿಯ ಮೇಲೆ ಊದಿದ.

ನರಳಿಕೆ ನಿಂತಿತು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

"ಇಲ್ಲಿ ದಿನಕ್ಕೆ ನಾನೂರು ಶೀಟಮ್ಮ," ಎಂದ ಆತ, ತಾಯಿಯ ಕಡೆ ತಿರುಗದೆ.

"ಗೊತ್ತು ಸಾರ್. ನಾನೂರಕ್ಕೂ ನಾನೇ ಇಸ್ತ್ರಿ ಹಾಕೋದು."

ಆತ ಶೀಟನ್ನು ಮಡಿಸಿ ಮೇಜಿನ ಮೇಲಿಟ್ಟು, ಅಂಚಿಗೆ ಅಂಚು ಕೂತಿದೆಯೇ ಎಂದು ಬೆರಳು ಸವರಿ ನೋಡಿದ. ಕೂತಿತ್ತು. ಮಧ್ಯಾಹ್ನದವರೆಗೆ ಇರಲಿ, ನೋಡೋಣ ಎಂದು ಗೊಣಗಿ ತನ್ನ ಕೋಣೆಗೆ ನಡೆದ. ಮಧ್ಯಾಹ್ನ ಆದಮೇಲೆ ಸಂಜೆಯವರೆಗೂ ನೋಡಿ ಎಂದು ತಾಯಿ ಹಿಂದಿನಿಂದ ಕೂಗಿ ಹೇಳಿ, ಮತ್ತೊಂದು ಒದ್ದೆ ಶೀಟನ್ನು ರೋಲರಿಗೆ ಕೊಟ್ಟಳು.

ದೊಡ್ಡಕ್ಕ ಮೇಜು ಬಳಸಿ ಗುಬ್ಬಿಯ ಎದುರಿಗೆ ಬಂದಳು. ಆಮೇಲೆ ರಾಶಿಯಿಂದ ಒಂದು ಶೀಟು ಎಳೆದು, ಅದರ ಎರಡು ಮೂಲೆಗಳನ್ನು ಗುಬ್ಬಿಯ ಕೈಗೆ ತುರುಕಿ, ಹಿಂದೆ ಹಿಂದೆ ಸರಿದಳು. ತನ್ನ ಮೂಲೆಗಳನ್ನು ಹಿಡಿದು ತಿರುಗಿ ಬರುವಾಗ, ಇನ್ನೂ ನಾಲ್ಕು ಹೆಜ್ಜೆ ದೂರವಿರುವಾಗಲೇ, ಆ ಹಲ್ಲಿಲ್ಲದ ಬಾಯಿ ಊದಲು ತಯಾರಾಗಿ ಗುಂಡಗಾಗಿತ್ತು.