ಬಾಗಿಲ ಹೊರಗಿನ ಬೂಟು

ಕಡಲತೀರದಲ್ಲಿ ಕೂತು ಗಂಡನ ಬೂಟಿನೊಳಗೆ ಅವಳು ಒಂದು ಹಿಡಿ ಮರಳು ಸುರಿದಳು. ಕುಲುಕಿ ಕೊಡವಿದಳು. ಅಡಿಭಾಗಕ್ಕೆ ಒದ್ದೆ ಮರಳು ತಿಕ್ಕಿದಳು. ತಲೆಯೆತ್ತಿದರೆ ದಡದ ಮೇಲೆ ಎದುರುಮನೆಯಾಕೆ ನಿಂತಿದ್ದಳು.

ಆಕೆಗೆ ಇವಳಿಟ್ಟ ಹೆಸರು ದುರ್ಬೀನು. ಲಿಫ್ಟು ನಿಂತ ಸದ್ದಾದರೆ ಸಾಕು, ಎದುರು ಬಾಗಿಲ ಕಿಂಡಿಯಲ್ಲಿ ಕಣ್ಣು ಮೂಡುತ್ತಿತ್ತು.

"ಮರಳು ಕೊಡವ್ತಿದೀರಾ?" ದುರ್ಬೀನು ಕೇಳಿದಳು.

"ಏನ್ ಮಾಡೋದಕ್ಕಾ, ಇವರು ವಾಕಿಂಗ್ ಹೋದ್ರೆ ಅರ್ಧ ಸಮುದ್ರಾನೇ ಮನೆಗೆ ತರ್ತಾರೆ."

"ಪುಣ್ಯವಂತರು ಬಿಡಿ. ನಮ್ಮೋರ ಬೂಟಿಗೆ ಆ ಕೆಲಸಾನೇ ಇಲ್ಲ."

ಇವಳ ಗಂಡ ವಾಕಿಂಗಿಗೆ ಹೋಗಿ ತಿಂಗಳುಗಳಾಗಿದ್ದವು. ಮನೆಗೆ ಬಂದೂ ಅಷ್ಟೇ. ಆಫೀಸಿಗೆ ದಿನವೂ ಹೋಗುತ್ತಿದ್ದ. ವಾಸ ಮಾತ್ರ ಊರಿನ ಇನ್ನೊಂದು ತುದಿಯಲ್ಲಿ, ಇನ್ನೊಬ್ಬಳ ಜೊತೆ. ಸಮುದ್ರಕ್ಕೆ ಮುಖ ಮಾಡಿದ ಈ ಕಟ್ಟಡ ಕಂಪನಿಯದು, ಹೊರದೇಶದ ನೌಕರರ ಸಂಸಾರಗಳಿಗೆಂದೇ ಕಟ್ಟಿಸಿದ್ದು. ನೌಕರ ಸಂಸಾರ ಬಿಟ್ಟು ಬೇರೆ ಕಡೆ ವಾಸವಿದ್ದಾನೆಂದು ಗೊತ್ತಾದರೆ ಹೆಂಡತಿ ಮಕ್ಕಳು ಮನೆಯ ಜೊತೆಗೆ ದೇಶವನ್ನೂ ಬಿಡಬೇಕು. ಮಗಳಿಗೆ ಇದು ಶಾಲೆಯ ಕೊನೆಯ ವರ್ಷ. ಪರೀಕ್ಷೆಯವರೆಗೆ ಹೇಗಾದರೂ ತಳ್ಳಬೇಕಿತ್ತು.

ಅಳು ಮೊದಲ ವಾರವೇ ಮುಗಿದಿತ್ತು. ಬಾಲ್ಕನಿಯಲ್ಲಿ ಅವನ ಅಂಗಿ ಒಣಹಾಕುವುದು, ಬಾಗಿಲ ಹೊರಗೆ ಅವನ ವಾಕಿಂಗ್ ಬೂಟು ಇಡುವುದು, ಇವನ್ನೆಲ್ಲ ಈಗ ಹಲ್ಲುಜ್ಜಿದ ಹಾಗೆ ಮಾಡುತ್ತಿದ್ದಳು.

ಎದುರು ಬಾಗಿಲ ಹೊರಗೂ ವಾಕಿಂಗ್ ಬೂಟಿತ್ತು. ಹಾಲಿನಂತೆ ಬಿಳಿ. ಇಷ್ಟು ಅಚ್ಚುಕಟ್ಟಾದ ಗಂಡಸೂ ಇರುತ್ತಾನಲ್ಲ ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು. ಹೊಟ್ಟೆಕಿಚ್ಚು ಪಡುವಷ್ಟು ಚೈತನ್ಯವೂ ಉಳಿದಿರಲಿಲ್ಲ.

ಬೂಟನ್ನು ಬಾಗಿಲ ಬಳಿ ಇಟ್ಟು ಒಳಗೆ ಹೋದ ಸ್ವಲ್ಪ ಹೊತ್ತಿಗೇ ಕರೆಗಂಟೆ ಸದ್ದಾಯಿತು. ಕಂಪನಿಯ ವಸತಿ ಅಧಿಕಾರಿ.

"ಸುಮ್ನೆ ವಿಚಾರಿಸೋಣ ಅಂತ ಬಂದೆ ಕಣಮ್ಮ. ಈ ಮಹಡೀಲಿ ಒಬ್ಬರು ಮನೇಲಿ ಇರೋದೇ ಇಲ್ವಂತೆ. ದೂರು ಬಂದಿದೆ. ನಿಮ್ಮ ಯಜಮಾನ್ರು?"

ಎದುರು ಬಾಗಿಲು ತೆರೆಯಿತು. ದೂರು ದುರ್ಬೀನಿನದೇ ಕೆಲಸ, ಇನ್ನು ಮುಗಿಯಿತು ಎಂದುಕೊಂಡಳು. ದೊಡ್ಡ ಸೂಟ್‌ಕೇಸು ಎಲ್ಲಿದೆ ಎಂದು ಯೋಚಿಸಿದಳು.

"ಇವರ ಯಜಮಾನ್ರಾ?" ದುರ್ಬೀನು ನಕ್ಕಳು. "ಒಳ್ಳೇ ಕಥೆ! ಬೆಳಿಗ್ಗೆ ತಾನೇ ನಮ್ಮೋರ ಜೊತೆ ದಡದ ಮೇಲೆ ವಾಕಿಂಗ್ ಹೋಗಿದ್ರಲ್ಲ. ಅವರ ಬೂಟು ನೋಡಿ ಸ್ವಾಮಿ, ಮರಳು ಇನ್ನೂ ಒಣಗಿಲ್ಲ."

ಅಧಿಕಾರಿ ಬಗ್ಗಿ ನೋಡಿದ. ತಲೆಯಾಡಿಸಿದ. ಆಮೇಲೆ ಇವಳತ್ತ ತಿರುಗಿದ.

"ಹೌದೇನಮ್ಮಾ? ಇಬ್ಬರೂ ಜೊತೆಗೇ ಹೋಗಿದ್ರಾ?"

ದುರ್ಬೀನಿನ ಮುಖದಲ್ಲಿ ನಗು ಹಾಗೇ ಇತ್ತು. ಬಾಗಿಲು ಹಿಡಿದ ಬೆರಳುಗಳು ಮಾತ್ರ ಬಿಳಿಚಿಕೊಂಡಿದ್ದವು.

ಅವಳ ಕಣ್ಣು ಎದುರುಮನೆಯ ಬಾಗಿಲ ಬಳಿಯ ಬಿಳಿ ಬೂಟಿನ ಮೇಲೆ ಬಿತ್ತು; ಅದರಲ್ಲಿ ಒಂದು ಕಣ ಮರಳೂ ಇರಲಿಲ್ಲ. ಮುಂದೆ ಸರಿದು ಅದಕ್ಕೆ ಅಡ್ಡವಾಗಿ ನಿಂತಳು.

"ದಿನಾ ಹೋಗ್ತಾರೆ ಸಾರ್. ಬಿಟ್ಟಿರಲ್ಲ ಒಬ್ಬರನ್ನೊಬ್ಬರು."

ಮರುದಿನ ಬೆಳಿಗ್ಗೆ ಮರಳಿಗೆ ಇಳಿದಾಗ ಅವಳ ಕೈಯಲ್ಲಿ ಎರಡು ಜೋಡಿ ಬೂಟುಗಳಿದ್ದವು, ಒಂದು ಹಾಲಿನಂತೆ ಬಿಳಿ.