ನದಿಯ ಎತ್ತರ

ಹಜಾರದ ಗೋಡೆಯಲ್ಲಿ ಪ್ಲಗ್ ಹಾಕುವ ಜಾಗ ಬ್ರಾನ್ವಿನ್‌ಳ ಕಿವಿಯ ಮಟ್ಟಕ್ಕಿತ್ತು. "ಇಷ್ಟು ಮೇಲೆ ಯಾಕೆ?" ಎಂದಳು.

"ಬಗ್ಗೋ ಕಷ್ಟ ಬೇಡ ಅಂತ ಮೇಡಂ," ಎಂದ ಮನೆ ತೋರಿಸುತ್ತಿದ್ದ ಏಜೆಂಟ್.

ಬ್ರಿಸ್ಬೇನ್‌ನಲ್ಲಿ ಮಾರಾಟದ ಮನೆಗಳನ್ನು ತೋರಿಸುವ ಶನಿವಾರ ಬಂತೆಂದರೆ ಇಂಥ ಮಾತಿಗೆ ಬರವಿಲ್ಲ. ಬೆಳಗ್ಗೆ ಅವಳೂ ಗಂಡ ಕ್ರೇಗನೂ ಗುಡ್ಡದ ಮೇಲಿನ ಎಲ್ಸ್‌ಬರಿಯಲ್ಲಿ ಒಂದು ಮನೆ ನೋಡಿದ್ದರು. ಇಕ್ಕಟ್ಟಾದ ಎರಡು ಕೋಣೆ, ಅಂಗೈಯಗಲದ ಹಿತ್ತಿಲು. ಅದೇ ದುಡ್ಡಿಗೆ ಗುಡ್ಡದ ಬುಡದಲ್ಲಿ, ನದಿಗೆ ಹತ್ತಿರದ ಟಿಂಗರಾ ಬಡಾವಣೆಯಲ್ಲಿ ಈ ದೊಡ್ಡ ಮನೆ, ಜೊತೆಗೊಂದು ಮಾವಿನ ಮರ. ನಡುವೆ ಇರುವುದು ಒಂದು ಇಳಿಜಾರು ರಸ್ತೆ ಅಷ್ಟೇ. ಇಬ್ಬರೂ ಕೂಡಿಟ್ಟಿದ್ದೆಲ್ಲ ಒಂದೇ ಮನೆಗೆ ಮುಗಿದುಹೋಗುತ್ತಿತ್ತು. ಆರಿಸುವಾಗ ಎಡವಿದರೆ ಇನ್ನೊಂದು ಕೊಳ್ಳುವ ಮಾತೇ ಇಲ್ಲ. ಕ್ರೇಗ್ ಆಗಲೇ ಮರದ ಕೆಳಗೆ ನಿಂತು ಹಣ್ಣು ಎಣಿಸತೊಡಗಿದ್ದ. ಬ್ರಾನ್ವಿನ್‌ಳ ತಲೆಯೊಳಗೆ ಮಾತ್ರ ಪ್ಲಗ್ಗಿನ ಹುಳ ಹೊಕ್ಕಿತ್ತು. ಗಂಡನನ್ನು ಎಳೆದುಕೊಂಡು ನೇರ ಪಕ್ಕದ ಮನೆಗೆ ಹೋದಳು.

ಅಲ್ಲಿ ಡಾಟ್ ಎಂಬ ಮುದುಕಿ ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು. ಮನೆ ನೋಡಲು ಬಂದವರನ್ನು ನೋಡುವುದೇ ಅವಳ ಶನಿವಾರದ ಕೆಲಸ. ಹೆಸರು ಹೇಳಿಕೊಂಡದ್ದೇ ಬ್ರಾನ್ವಿನ್ ವಿಷಯಕ್ಕೆ ಬಂದಳು.

"ಡಾಟ್, ನಿಜ ಹೇಳಿ. ಇಲ್ಲಿಗೆ ನೆರೆ ನೀರು ನುಗ್ಗುತ್ತಾ?"

ಡಾಟ್ ಅವರನ್ನು ಅಡುಗೆಮನೆಯ ಬಾಗಿಲ ಚೌಕಟ್ಟಿನ ಬಳಿಗೆ ಕರೆದೊಯ್ದಳು. ಅದರ ತುಂಬ ಪೆನ್ಸಿಲ್ ಗೆರೆಗಳು. "ಇದು ನನ್ನ ಮಗಳು ಕೆರಿ, ಏಳು ವರ್ಷದವಳಿದ್ದಾಗ. ಇದು ಮಗ ನೀಲ್. ಇದು ನದಿ. ಮಕ್ಕಳು ಬೆಳೆಯೋಕೆ ವರ್ಷಗಟ್ಟಲೆ ತಗೊಂಡ್ರು. ಇವಳು ಒಂದೇ ರಾತ್ರೀಲಿ ಬೆಳೆದುಬಿಟ್ಲು."

ಬ್ರಾನ್ವಿನ್ ಗೆರೆಗೆ ಒತ್ತಿ ನಿಂತು ನೋಡಿದಳು. ನದಿ ಅವಳ ಭುಜಕ್ಕೆ ಬಂತು. ಕ್ರೇಗ್‌ನ ಮುಖ ಸಪ್ಪಗಾಯಿತು.

"ಮತ್ತೆ ನೀವ್ಯಾಕೆ ಇನ್ನೂ ಇಲ್ಲೇ ಇದ್ದೀರಿ?" ಎಂದ.

"ನೀರು ಇಳಿದ ಬೆಳಗ್ಗೆ ಇಡೀ ಬೀದಿ ಸಲಿಕೆ, ಪೊರಕೆ ಹಿಡ್ಕೊಂಡು ಬಂತಪ್ಪಾ. ಮೊದಲು ನನ್ನ ಮನೆ ಕೆಸರು ತೆಗೆದ್ರು, ಆಮೇಲೆ ಅವರವರದ್ದು. ಇಂಥವರನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?"

ಬ್ರಾನ್ವಿನ್ ಗಂಡನ ತೋಳು ಹಿಡಿದಳು. ಅವರು ಈಗ ಬಾಡಿಗೆಗಿದ್ದ ಕಟ್ಟಡದಲ್ಲಿ ಎದುರು ಬಾಗಿಲಿನವರ ಹೆಸರೂ ಅವಳಿಗೆ ಗೊತ್ತಿರಲಿಲ್ಲ. "ಕ್ರೇಗ್, ಏನಾದ್ರೂ ಆಗ್ಲಿ, ಇಲ್ಲೇ ತಗೊಳ್ಳೋಣ," ಎಂದಳು.

"ತಲೆ ಕೆಟ್ಟಿದೆಯಾ ನಿಂಗೆ?" ಡಾಟ್ ಗದರಿದಳು. "ಮೇಲಿನ ಮನೆ ತಗೋ."

"ಮೇಲಿನವರು ಹೇಗೆ, ಒಳ್ಳೆಯವರಾ?"

"ಯಾರಿಗೆ ಗೊತ್ತು. ನೀರು ಬಂದ ರಾತ್ರಿ ನಾನೂ ಬೆಕ್ಕೂ ಎಲ್ಸ್‌ಬರಿ ಬೀದೀಲಿ ಕಾರೊಳಗೆ ಕೂತೇ ಬೆಳಗು ಮಾಡಿದ್ವಿ. ಎಲ್ಲ ಮನೇಲೂ ದೀಪ ಇತ್ತು. ಒಬ್ಬರ ಪರಿಚಯವೂ ಇರಲಿಲ್ಲ ಕಣಮ್ಮ."

ಡಾಟ್ ಒಂದು ಚೀಲದ ತುಂಬ ಮಾವಿನಹಣ್ಣು ತುಂಬಿ ಬ್ರಾನ್ವಿನ್‌ಳ ಕೈಗಿಟ್ಟಳು.

"ಅದಕ್ಕೇ ಹೇಳ್ತಿರೋದು, ಮೇಲೇ ತಗೋ. ಮುಂದಿನ ಸಲ ತಟ್ಟೋಕೆ ನನಗೂ ಅಲ್ಲೊಂದು ಬಾಗಿಲು ಬೇಕಲ್ಲ."