ಗೋಡೆಗೆ ಮುಖ ಮಾಡಿದ ಮೋಟರು

ಪದ್ದು ಹವಳದ ತೊಟ್ಟಿಯ ಮೋಟರಿನ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ್ದು ಇದು ಮೂರನೆಯ ಸಲ. ಮೊದಲ ಸಲ ಕಿಟಕಿಗಳನ್ನೆಲ್ಲ ಮುಚ್ಚಿದ್ದಳು. ಎರಡನೆಯ ಸಲ ದೇವರ ಕೋಣೆಯ ಬಾಗಿಲು ಮುಂದೆ ಮಾಡಿ ಬಂದಿದ್ದಳು. ಈ ಸಲ ಅಂಥ ಅಂಜಿಕೆಯೇನೂ ಇರಲಿಲ್ಲ. ಸೆರಗು ಸಿಕ್ಕಿಸಿ, ಗಾಜಿನ ತೊಟ್ಟಿಯ ಉಪ್ಪುನೀರಿಗೆ ಮೊಣಕೈವರೆಗೆ ಕೈ ಇಳಿಸಿ, ಹೋದ ಸಲ ರಿಪೇರಿಗೆ ಬಂದ ಪ್ರೇಮಾನಂದ ಮೋಟರಿನ ಕುತ್ತಿಗೆ ತಿರುಗದಂತೆ ಬಿಗಿದು ಹೋಗಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ಕತ್ತರಿಯಿಂದ ತುಂಡರಿಸಿದಳು. ತುಂಡು ಜಾರಿ ಕಲ್ಲಿನ ಸಂದಿಗೆ ಬಿತ್ತು. ತಡಕಾಡಿದಳು, ಸಿಗಲಿಲ್ಲ. ನನಗೇ ಸಿಗದ್ದು ಅವನಿಗೆ ಸಿಕ್ಕೀತೇ ಎಂದು ಸಮಾಧಾನ ಮಾಡಿಕೊಂಡಳು.

ಬಸ್ರೂರಿನ ಆ ಮನೆ ಮುಂಬೈಯಲ್ಲಿ ಹೋಟೆಲಿಟ್ಟಿರುವ ದರ್ಶನ್ ಅವರದು. ಅವರು ವರ್ಷಕ್ಕೆ ಎಂಟು ದಿನ ಬರುತ್ತಾರೆ. ಉಳಿದ ದಿನಗಳಿಗೆಲ್ಲ ಪದ್ದುವೇ ಕಾವಲು. ಆಚೀಚೆಯ ಮನೆಗಳಿಗೂ ಬೀಗ, ಅವರೂ ಮುಂಬೈಯವರೇ. ನಡುಮನೆಯಲ್ಲಿ ಆರಡಿಯ ತೊಟ್ಟಿ, ಅದರೊಳಗೆ ಜೀವಂತ ಹವಳ. ಎರಡು ಪುಟ್ಟ ಮೋಟರುಗಳು ಎದುರುಬದುರು ನಿಂತು ನೀರು ನೂಕುತ್ತವೆ. ಎರಡು ಕಡೆಯ ನೀರೂ ನಡುವೆ ಡಿಕ್ಕಿ ಹೊಡೆದು ತುಯ್ದಾಡಿದರೆ ಮಾತ್ರ ಹವಳ ಅರಳುವುದು. ಒಂದರ ಮುಖ ತಪ್ಪಿದರೂ ಸಾಕು, ನೀರು ಮಂದವಾಗಿ, ಮೇಲೆ ಕೊಳೆ ಕೂತು, ಅದು ತನ್ನ ಬೆರಳುಗಳನ್ನೆಲ್ಲ ಒಳಗೆಳೆದುಕೊಳ್ಳುತ್ತದೆ. ಹಾಗಾದರೆ ಕೂಡಲೇ ಬ್ರಹ್ಮಾವರದಿಂದ ಪ್ರೇಮಾನಂದನನ್ನು ಕರೆಸಬೇಕೆಂದು ಒಡೆಯರ ಅಪ್ಪಣೆ.

ಒಡೆಯರು ಫೋನ್ ಮಾಡಿದರೆ ಕೇಳುವುದು ಒಂದೇ ಮಾತು, ಹವಳ ಹೇಗಿದೆ ಎಂದು. ಪ್ರೇಮಾನಂದ ಹಾಗಲ್ಲ. ಮೆಟ್ಟಿಲು ಹತ್ತುತ್ತಲೇ “ಊಟ ಆಯ್ತಾ ಪದ್ದಕ್ಕ?” ಎನ್ನುತ್ತಾನೆ. ಕೆಲಸ ಮುಗಿಸಿ ಎರಡು ಲೋಟ ಚಾ ಕುಡಿಯುತ್ತಾನೆ, ಹೆಂಡತಿಯ ಮಂಡಿನೋವಿನಿಂದ ಹಿಡಿದು ಬಸ್ಸಿನಲ್ಲಿ ಆದ ಜಗಳದವರೆಗೆ ಎಲ್ಲ ಹೇಳುತ್ತಾನೆ. ಆದರೆ ಅವನ ಪಾಳಿ ತಿಂಗಳಿಗೊಮ್ಮೆ. ಪದ್ದುವಿಗೆ ಬೇಕಾದದ್ದು ಚಿನ್ನವಲ್ಲ, ಬಣ್ಣವಲ್ಲ. ಎದುರು ಕೂತು ಮಾತಾಡುವ ಒಂದು ಜನ. ತಿಂಗಳೆಂದರೆ ಮೂವತ್ತು ದಿನ, ಅಷ್ಟು ದಿನ ಕಾಯುವುದು ಅವಳ ಕೈಲಾಗುತ್ತಿರಲಿಲ್ಲ.

ಈ ಸಲ ಲೆಕ್ಕ ತಪ್ಪಿತು. ಸಂಜೆ ಹವಳ ಮುದುಡಿದ ಮೇಲೆ ಫೋನ್ ಮಾಡಿದರೆ, ಅವನು ಮಂಗಳೂರಿನಲ್ಲಿ ನೆಂಟರ ಮದುವೆಯಲ್ಲಿದ್ದ. “ನಾಕ್ ದಿನ ಬಿಟ್ಟ್ ಬತ್ತೆ” ಎಂದ. ಮೋಟರು ಸರಿ ಮಾಡಿದರೆ ಹವಳ ಅರಳುತ್ತದೆ. ಅರಳಿದರೆ ಅವನೇಕೆ ಬರುತ್ತಾನೆ? ಪದ್ದು ಮುಟ್ಟಲಿಲ್ಲ. ಬೇಗ ಮುಗಿಸಿ ಬಂದರೂ ಬಂದಾನೆಂದು ದಿನಾ ರಾತ್ರಿ ಇಬ್ಬರಿಗಾಗುವಷ್ಟು ಅಕ್ಕಿ ನೆನೆಸಿದಳು, ದಿನಾ ಬೆಳಿಗ್ಗೆ ಒಬ್ಬಳೇ ನೀರುದೋಸೆ ತಿಂದಳು.

ಐದನೆಯ ದಿನ ಹತ್ತು ಗಂಟೆಗೆ ಪ್ರೇಮಾನಂದ ಬಂದ.

“ಹ್ವಾಯ್ ಪದ್ದಕ್ಕ, ಎಂತ ನಿಮ್ಮ್ ಹವಳಕ್ಕೆ ಆಗಳಿಗಾಗ ಸಿಟ್ಟ್ ಬಪ್ಪುದ್?”

“ನಂಗೆಂತ ಗೊತ್ತ್ ಮಾರಾಯ್ರೆ. ಮೊದ್ಲ್ ದೋಸೆ ತಿನ್ನಿ.”

“ಇರ್ಲಿ, ಒಂದ್ಸಲ ಕಾಂತೆ.”

ಅವನು ತೊಟ್ಟಿಗೆ ಟಾರ್ಚು ಹಿಡಿದು ಬಗ್ಗಿದ. ಪದ್ದು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಳು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರಲ್ಲ, ಟಾರ್ಚಿನ ಬೆಳಕು ಕಲ್ಲಿನ ಸಂದಿಯ ಹತ್ತಿರ ಹೋದಾಗಲೆಲ್ಲ ಅವಳು ಕಣ್ಣು ತಪ್ಪಿಸಿ ಒಲೆಯ ಕಡೆ ನೋಡುತ್ತಿದ್ದಳು. ಬೆಳಕು ಅಲ್ಲಿ ನಿಲ್ಲಲಿಲ್ಲ. ಮುಷ್ಟಿಗಾತ್ರದ ಹಸಿರು ಹವಳದ ಮೇಲೆ ನಿಂತಿತು.

“ಇದ್ ಹೋಯ್ತ್.”

“ಹೋಯ್ತ್ ಅಂದ್ರೆ? ಮುಚ್ಕಂಡದ್ ಅಲ್ದಾ? ನಾಳೆ ಬಿಡ್ಸ್ಕಂತ್.”

“ಸತ್ತದ್ದ್ ಎಲ್ಲಿ ಬಿಡ್ಸ್ಕಂಬುದ್? ಕಾಣಿ, ಬರೀ ಎಲುಬು.”

ಪದ್ದು ಹತ್ತಿರ ಬಂದಳು. ಹಸಿರೆಲ್ಲ ಕಳಚಿ ಹೋಗಿ ಬಿಳಿ ಸುಣ್ಣದಂಥದ್ದು ಉಳಿದಿತ್ತು. ಅದನ್ನು ಅವಳು ನಾಚಿಕೆಮುಳ್ಳಿನ ಹಾಗೆ ಎಂದುಕೊಂಡಿದ್ದಳು. ಮುಟ್ಟಿದರೆ ಮುದುಡುತ್ತದೆ, ಬಿಟ್ಟರೆ ಬಿಚ್ಚಿಕೊಳ್ಳುತ್ತದೆ.

“ಗಿಡ ಅಲ್ಲ ಅದ್, ಪ್ರಾಣಿ,” ಎಂದ ಪ್ರೇಮಾನಂದ. “ಕೂತಲ್ಲಿಂದ ಏಳುಕಾತಿಲ್ಲೆ. ನೀರೇ ಬಂದ್ ಬಾಯಿಗೆ ತುತ್ತ್ ಹಾಕ್ಕ್. ಬರ್ದಿದ್ರೆ ಉಪ್ವಾಸ.”

ಪದ್ದು ಗಾಜಿನ ಹತ್ತಿರಕ್ಕೆ ಇನ್ನಷ್ಟು ಬಗ್ಗಿದಳು. ಮೂರು ವರ್ಷದಿಂದ ದಿನಾ ಬೆಳಿಗ್ಗೆ ಮೊದಲು ನೋಡುತ್ತಿದ್ದ ಮುಖ ಅದೊಂದೇ. ಅದನ್ನೇ ಕೊಂದೆನಲ್ಲ ಎಂದುಕೊಂಡಳು.

ಅಷ್ಟರಲ್ಲಿ ಪ್ರೇಮಾನಂದನ ಫೋನು ಬಡಿದುಕೊಂಡಿತು. ದರ್ಶನ್. ಪ್ರೇಮಾನಂದ ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದನ್ನು ನೀರಿನೊಳಗಿಟ್ಟು ಕಲ್ಲಿನ ಸಂದಿ ಕೆದಕುತ್ತಿದ್ದ. ಬೆರಳಿಗೆ ಏನೋ ಸಿಕ್ಕಿತು. ಹೊರಗೆ ತೆಗೆದು ನೋಡಿದ. ಆಮೇಲೆ ಪದ್ದುವನ್ನು ನೋಡಿದ. ಈಗ ಕೆಲಸ ಹೋಯಿತು ಎಂದು ಪದ್ದು ತಲೆ ತಗ್ಗಿಸಿದಳು.

“ಇಲ್ಲ ಸರ್, ಮೋಟರ್ ಹಳೇದಾಗಿದೆ, ಕುತ್ತಿಗೆ ನಿಲ್ಲುವುದಿಲ್ಲ. ಬೇರೆ ಹಾಕ್ತೇನೆ,” ಎಂದು ಹೇಳಿ ಅವನು ಫೋನನ್ನು ಜೇಬಿಗಿಳಿಸಿದ. ಪಟ್ಟಿಯ ತುಂಡು ಒದ್ದೆ ಅಂಗೈಯಲ್ಲೇ ಇತ್ತು. ನೀಟಾಗಿ ಕತ್ತರಿಸಿದ ತುದಿ.

“ಎಂತಕೆ ಪದ್ದಕ್ಕ?”

ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

“ನೀವ್ ಬರ್ಲಿ ಅಂದ್ಹೇಳಿ.”

ಒಲೆಯ ಮೇಲೆ ಕಾವಲಿ ಸುಮ್ಮನೆ ಕಾಯುತ್ತಿತ್ತು. ಪ್ರೇಮಾನಂದನಿಗೆ ಬೈಯಬೇಕೆಂದು ಬಂದ ಮಾತು ಬೇರೆ, ಬಾಯಿಂದ ಹೊರಟದ್ದು ಬೇರೆ.

“ಅದಕ್ಕೆ ಇಷ್ಟೆಲ್ಲ ಮಾಡ್ಕಾ? ಸುಮ್ನೆ ಬನ್ನಿ ಅಂದಿದ್ರೆ ಬತ್ತಿದ್ದೆ ಅಲ್ದಾ.”

ಪದ್ದು ಸೆರಗಿನಿಂದ ತೊಟ್ಟಿಯ ಗಾಜಿನ ಮೇಲಿನ ಅವನ ಕೈಗುರುತನ್ನು ಒರೆಸಿದಳು.

“ಸುಮ್ನೆ ಬನ್ನಿ ಅಂದ್ ಕರುಕೆ ಇದ್ ನನ್ನ್ ಮನೆಯಾ, ಪ್ರೇಮಣ್ಣ?”